ಬದುವಿನ ಹುಲ್ಲು, ಗಡಿಗೆಯ ನೀರು

ಕಳೆದ ಮಾರ್ಗಶಿರದ ಒಂದು ಗುರುವಾರ, ಬೆಳಗಿನ ಎಂಟು ಗಂಟೆಯ ಸುಮಾರಿಗೆ, ನಾನು ಕಡೂರಿನ ನಮ್ಮ ಮನೆಯ ಹಿತ್ತಲಿನಲ್ಲಿ, ನೀರಿನ ತೊಟ್ಟಿಗೂ ಕರಿಬೇವಿನ ಗಿಡಕ್ಕೂ ನಡುವೆ, ಪಕ್ಕದ ಮನೆಯ ಮೋಟುಗೋಡೆಗೆ ಬೆನ್ನು ಮಾಡಿ ನಿಂತಿದ್ದೆ. ಬಿಸಿಲು ಇನ್ನೂ ತೊಟ್ಟಿಯ ಅಂಚಿಗೆ ಬಂದಿರಲಿಲ್ಲ. ನನ್ನ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ನನ್ನ ಹೆಂಡತಿ ಗಿರಿಜ ಒಂದು ಹಿಡಿ ಒದ್ದೆ ಬೇರನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದಳು. ಆಮೇಲೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬರೆಯಲೆಂದೇ ಕೂತೆ. ಕೂತ ಮೇಲೆ ಗೊತ್ತಾಯಿತು, ಅದಕ್ಕೆ ಮೊದಲು ಒಂದು ಹುಲ್ಲಿನ ವಿಷಯವನ್ನೂ ಒಂದು ಮೂಗಿನ ವಿಷಯವನ್ನೂ ಹೇಳದಿದ್ದರೆ ನಿಮಗೆ ಏನೂ ತಿಳಿಯುವುದಿಲ್ಲ ಎಂದು.

ನಿಂತ ಜಾಗವನ್ನು ಹೇಳದೆ ಮಾತು ಶುರುಮಾಡಲು ನನಗೆ ಬರುವುದಿಲ್ಲ. ನಾನು ಭೂಮಾಪಕನಾಗಿದ್ದವನು, ಜನರ ಬಾಯಲ್ಲಿ ಸರ್ವೆಯರ್. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹೊಲಗಳಲ್ಲಿ ಚೈನು ಎಳೆಸುತ್ತಾ, ಕಳೆದುಹೋದ ಬಾಂದುಕಲ್ಲುಗಳನ್ನು ಹುಡುಕುತ್ತಾ ಕೆಲಸದ ಕಾಲವನ್ನೆಲ್ಲ ಕಳೆದೆ. ನಮ್ಮ ಕಸುಬಿನಲ್ಲಿ ಏನು ಕಂಡೆ ಎನ್ನುವುದಕ್ಕಿಂತ ಎಲ್ಲಿ ನಿಂತು ಕಂಡೆ ಎನ್ನುವುದು ಮುಖ್ಯ. ಎರಡು ಹೆಜ್ಜೆ ಎಡಕ್ಕೆ ಸರಿದು ನೋಡಿದರೆ ಒಬ್ಬನ ತೆಂಗಿನಮರ ಇನ್ನೊಬ್ಬನದಾಗಿಬಿಡುತ್ತದೆ. ನಿವೃತ್ತನಾದ ಮೇಲೂ ಈ ಚಾಳಿ ಬಿಟ್ಟಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದರೆ ಒಲೆಯಿಂದ ಪೂರ್ವಕ್ಕೆ ಎನ್ನುವ ಗಂಡನನ್ನು ಗಿರಿಜ ಹೇಗೋ ಸಹಿಸಿಕೊಂಡು ಬಂದಿದ್ದಾಳೆ. ನೆಂಟರು ಬಂದಾಗ ಮಾತ್ರ, ನಮ್ಮನೆಯವರಿಗೆ ನನ್ನ ಮುಖ ಮರೆತರೂ ನಾನು ಯಾವ ಮೂಲೆಯಲ್ಲಿ ನಿಂತಿದ್ದೆ ಅನ್ನೋದು ಮರೆಯಲ್ಲ ಎಂದು ಹೇಳಿ ನಗಿಸುತ್ತಾಳೆ.

ಹುಲ್ಲು ಎಂದೆನಲ್ಲ, ಅದು ಲಾವಂಚ. ಹೆಸರು ಕೇಳಿದರೆ ರಾಣಿಯ ಹೆಸರಿನ ಹಾಗಿದೆ. ನೋಡಲು ಹೋದರೆ ನಿರಾಸೆ. ಎದೆಮಟ್ಟ ಬೆಳೆಯುವ ಒರಟು ಕುಚ್ಚು, ಅಂಚು ಸವರಿದರೆ ಕೈ ಗೀರುವ ಗರಿ, ಹೂವೆಂದು ಕರೆಯಬಹುದಾದ ಏನೋ ಒಂದು ಕಂದು ಜುಂಗು. ಬಲಿತ ಗರಿಯನ್ನು ದನ ಮೂಸಿ ಮುಂದೆ ಹೋಗುತ್ತದೆ. ಮಲ್ಲಿಗೆ, ಸಂಪಿಗೆ ಇವೆಲ್ಲ ದಾರಿಯಲ್ಲಿ ಹೋಗುವವರನ್ನೂ ಕರೆದು ಮಾತಾಡಿಸುವ ಜಾತಿ. ನಮ್ಮ ಮಜ್ಜಿಗೆಹುಲ್ಲು ಕೂಡ ಒಂದು ಗರಿ ಮುರಿದರೆ ಸಾಕು, ತನ್ನಲ್ಲಿರುವುದನ್ನೆಲ್ಲ ಕೈಗೆ ಕೊಟ್ಟುಬಿಡುತ್ತದೆ. ಲಾವಂಚ ಹಾಗಲ್ಲ. ಅದರ ಪರಿಮಳವೆಲ್ಲ ಬೇರಿನಲ್ಲಿ, ಅದೂ ಆಳುದ್ದ ಕೆಳಗೆ, ಕತ್ತಲಿನಲ್ಲಿ. ಬೇಕಾದವರು ಅಗೆದು ತೆಗೆದುಕೊಳ್ಳಬೇಕು. ಬೇಡದವರಿಗೆ ಅದು ಬರೀ ಹುಲ್ಲು.

ನನಗೂ ಬಹಳ ಕಾಲ ಅದು ಬರೀ ಹುಲ್ಲೇ ಆಗಿತ್ತು. ಹಿರೇನಲ್ಲೂರಿನ ಬೆದ್ದಲುಗಳಲ್ಲಿ, ಅಜ್ಜಂಪುರದ ಎರೆಹೊಲಗಳಲ್ಲಿ ಹಳಬರು ಬದುವಿನ ಮೇಲೆ ಲಾವಂಚದ ಸಾಲು ಹಾಕಿರುತ್ತಿದ್ದರು. ಮಳೆ ನೀರು ಮಣ್ಣು ಕೊಚ್ಚಿಕೊಂಡು ಹೋಗದಿರಲಿ ಎಂದು, ಜೊತೆಗೆ ಹದ್ದು ಗೊತ್ತಾಗಲಿ ಎಂದು. ಗಡಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ. ಬಾಂದುಕಲ್ಲನ್ನು ನಾಲ್ಕು ಜನ ಸೇರಿದರೆ ಸರಿಸಬಹುದು. ಗರಿಕೆ ತಾನೇ ಸರಿಯುತ್ತದೆ. ಇವತ್ತು ಇಲ್ಲಿದ್ದರೆ ಮುಂದಿನ ಮಳೆಗೆ ಪಕ್ಕದವನ ರಾಗಿಯಲ್ಲಿ ಮನೆ ಮಾಡಿರುತ್ತದೆ, ಹುಲ್ಲುಗಳಲ್ಲಿ ಒತ್ತುವರಿದಾರ ಅಂದರೆ ಅದೇ. ಲಾವಂಚ ಪಕ್ಕಕ್ಕೆ ಹರಡುವುದಿಲ್ಲ. ಬೇರು ನೆಟ್ಟಗೆ ಕೆಳಗಿಳಿಯುತ್ತದೆ. ನೆಟ್ಟ ಮುದುಕ ಹೋಗಿ, ಅವನ ಮಗ ಹೋಗಿ, ಖಾತೆ ಮೂರು ಹೆಸರಿಗೆ ತಿರುಗಿದರೂ ಸಾಲು ಮಾತ್ರ ಅಲ್ಲೇ ಇರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಅಜ್ಜಂಪುರ ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ತಾಲ್ಲೂಕಿನ ಗೆರೆ ಸರಿಯಿತು, ಬದುವಿನ ಹುಲ್ಲು ಸರಿಯಲಿಲ್ಲ.

ಇನ್ನೊಂದು ವಿಚಿತ್ರವೆಂದರೆ ನಮ್ಮ ಕಡೆ ನೆಡುವ ಈ ಜಾತಿಗೆ ಬೀಜದಿಂದ ಹುಟ್ಟಿಕೊಳ್ಳುವ ಅಭ್ಯಾಸವಿಲ್ಲ. ಹಕ್ಕಿ ತಂದು ಹಾಕಿತು, ಗಾಳಿಗೆ ಬಂತು ಎನ್ನುವ ಹಾಗಿಲ್ಲ. ಬುಡ ಸೀಳಿ, ಒಂದು ಚೂರನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಿ ನೆಟ್ಟರೆ ಮಾತ್ರ ಇನ್ನೊಂದು ಕಡೆ ಲಾವಂಚ. ಅಂದರೆ ನೀವು ಎಲ್ಲೇ ಒಂದು ಬುಡ ಕಂಡರೂ, ಅದು ಬೇಕೆನ್ನಿಸಿ ಅಲ್ಲಿಗೆ ಹೊತ್ತು ತಂದವರು ಒಬ್ಬರು ಇದ್ದರು ಎಂದು ಅರ್ಥ.

ಹುಲ್ಲಿನದು ಇಷ್ಟು. ಇನ್ನು ಮೂಗು.

ಗಿರಿಜ ಸಖರಾಯಪಟ್ಟಣದ ತೆಂಗಿನ ತೋಟದ ಮನೆಯವಳು. ನಮ್ಮ ಮನೆಯಲ್ಲಿ ಅವಳ ಮೂಗೇ ಮೇಲಧಿಕಾರಿ. ಹಾಲು ಕೆಡುವುದಕ್ಕೆ ಮೊದಲೇ ಕೆಡುತ್ತದೆ ಎಂದು ಹೇಳುತ್ತಿದ್ದಳು. ಮಳೆ ಇನ್ನೂ ಬೀರೂರಿನ ಆಚೆ ಇದ್ದಾಗ ಬಟ್ಟೆ ಒಳಗೆ ತರುತ್ತಿದ್ದಳು. ನಾನು ಅಳತೆಗೆ ಹೋಗಿ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ, ಇವತ್ತು ಯಾರ ಮನೆಯಲ್ಲೋ ಹುರಳಿಕಾಳಿನ ಸಾರು ಆಗಿದೆ, ಬಸ್ಸಿನಲ್ಲಿ ಈರುಳ್ಳಿ ಚೀಲದ ಪಕ್ಕ ಕೂತಿದ್ದಿರಿ ಎಂದು ನನ್ನ ದಿನಚರಿ ಒಪ್ಪಿಸುತ್ತಿದ್ದಳು. ಬೀರೂರು ಸ್ಟೇಷನ್ನಿನ ಬೋಂಡ ತಿಂದು ಬಂದು ಅವಳಿಂದ ಮುಚ್ಚಿಡಲು ನಾನು ವೀಳ್ಯದೆಲೆ, ಏಲಕ್ಕಿ, ಕೊನೆಗೆ ಹಸಿ ಶುಂಠಿಯನ್ನೂ ಪ್ರಯೋಗಿಸಿ ಸೋತಿದ್ದೇನೆ. ನನ್ನ ಮೂಗು ಇದಕ್ಕೆ ತದ್ವಿರುದ್ಧ. ಕನ್ನಡಕ ಕೂರಲಿ ಎಂದೇ ಅದನ್ನು ಕೊಟ್ಟಿರಬೇಕು.

ಕೊರೊನಾ ಜ್ವರ ನಮ್ಮಿಬ್ಬರಿಗೂ ಒಟ್ಟಿಗೇ ಬಂತು. ಇಬ್ಬರೂ ಎದ್ದೆವು. ಎದ್ದ ಮೇಲೆ ಗಿರಿಜ ಕಾಫಿ ಲೋಟ ಹಿಡಿದುಕೊಂಡು, ಇದೇನ್ರೀ ಬಿಸಿನೀರು ಕೊಟ್ಟಿದೀರಿ ಎಂದಳು. ಅದು ನಾನು ನನ್ನ ಜನ್ಮದಲ್ಲಿ ಮಾಡಿದ ಅತಿ ಗಟ್ಟಿ ಡಿಕಾಕ್ಷನ್ನಿನ ಕಾಫಿ. ಅವಳ ಮೂಗು ಹೋಗಿತ್ತು. ತೆಗೆದುಕೊಳ್ಳುವುದಾದರೆ ಆ ಜ್ವರ ನನ್ನದನ್ನು ತೆಗೆದುಕೊಳ್ಳಬಹುದಿತ್ತು. ನಾನದನ್ನು ಉಪಯೋಗಿಸುತ್ತಲೇ ಇರಲಿಲ್ಲ. ಚಿಕ್ಕಮಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಬರಬಹುದು, ನಿಧಾನ ಆಗಬಹುದು, ಗೊತ್ತಿರುವ ವಾಸನೆಗಳನ್ನು ದಿನಾ ಮೂಸುತ್ತಿರಿ ಎಂದರು. ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ ಎಲ್ಲವನ್ನೂ ಬಟ್ಟಲಲ್ಲಿಟ್ಟುಕೊಂಡು ಗಿರಿಜ ದಿನಾ ಮೂಸಿದಳು. ಹಲವರಿಗೆ ಕೆಲವು ತಿಂಗಳಲ್ಲಿ ಬಂದಿತಂತೆ. ಇವಳಿಗೆ ವರ್ಷ ಕಳೆದರೂ ಬರಲಿಲ್ಲ.

ಆಗ ನನಗೆ ಹಂಗಾಮಿ ಮೂಗಿನ ಕೆಲಸ ಬಂತು. ಒಗ್ಗರಣೆ ಸೀಯಿತಾ ನೋಡಿ, ಈ ಮೊಸರು ನೋಡಿ, ಗ್ಯಾಸು ಸೋರ್ತಿದೆಯಾ ನೋಡಿ. ನಾನು ಬಗ್ಗಿ ಮೂಸಿ, ಪರವಾಗಿಲ್ಲ ಅನ್ನಿಸುತ್ತೆ ಎನ್ನುತ್ತಿದ್ದೆ. ಅವಳಿಗೆ ರೇಗುತ್ತಿತ್ತು. ಹದ್ದುಬಸ್ತಿಗೆ ಹೋದಾಗಲೂ ‘ಗಡಿ ಇಲ್ಲೇ ಎಲ್ಲೋ ಇದ್ದಂಗಿದೆ’ ಅಂತಲೇ ಬರೀತಿದ್ರಾ ಎಂದು ಕೇಳಿದಳು. ಅಡಿಗೆ ಮಾತ್ರ ಕೆಡಲಿಲ್ಲ. ಅವಳು ನೆನಪಿನಿಂದ ಮಾಡುತ್ತಿದ್ದಳು. ಕಣ್ಣು ಕಟ್ಟಿಕೊಂಡವರು ತಮ್ಮ ಮನೆಯಲ್ಲಿ ಓಡಾಡಿದ ಹಾಗೆ.

ಅವಳು ಅದನ್ನು ಒಂದು ದುಃಖವೆಂದು ಹೇಳಿಕೊಂಡದ್ದು ಒಂದೇ ಸಲ. ಬೇಸಿಗೆಯ ಮಧ್ಯಾಹ್ನ. ಮಣ್ಣಿನ ಗಡಿಗೆಯಿಂದ ನೀರು ಬಗ್ಗಿಸಿಕೊಂಡವಳು ಕುಡಿಯದೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು. ಏನು ಎಂದು ಕೇಳಿದೆ.

‘ಬೇರೆ ಏನೂ ಬರದಿದ್ರೂ ನಡೆಯುತ್ತೆ ಕಣ್ರೀ. ನಮ್ಮವ್ವನ ಗಡಿಗೆ ನೀರಿನ ವಾಸನೆ ಒಂದ್ಸಲ ಬಂದ್ರೆ ಸಾಕು. ಅವ್ವನ ಮುಖ ಫೋಟೋದಲ್ಲಿದೆ. ಈ ವಾಸನೆ ಇದ್ದದ್ದು ನನ್ನ ಮೂಗಲ್ಲೊಂದೇ.’

ಅವಳ ಅವ್ವ ಪ್ರತಿ ಬೇಸಿಗೆಗೂ ಗಡಿಗೆಗೆ ಲಾವಂಚದ ಬೇರು ಹಾಕುತ್ತಿದ್ದರಂತೆ. ತೋಟದ ಬಾವಿಯ ಹತ್ತಿರ, ನೀರು ಹರಿದು ಹೋಗುವ ಕಡೆ ಒಂದು ದೊಡ್ಡ ಬುಡವಿತ್ತು. ಇಡೀ ಬುಡವನ್ನು ಅವರು ಎಂದೂ ಅಗೆಯಲಿಲ್ಲ. ಒಂದು ವರ್ಷ ಒಂದು ಪಕ್ಕದಿಂದ, ಮರುವರ್ಷ ಇನ್ನೊಂದು ಪಕ್ಕದಿಂದ ಒಂದು ಹಿಡಿ ಬೇರು ಬಿಡಿಸಿಕೊಂಡು, ತೊಳೆದು, ದಾರ ಸುತ್ತಿ, ನೀರಿಗೆ ಬಿಡುತ್ತಿದ್ದರು. ಹಸಿ ಬೇರಿನ ಮೊದಲ ದಿನದ ನೀರಿಗೆ ಮಕ್ಕಳೆಲ್ಲ ಲೋಟ ಹಿಡಿದು ಸಾಲು ನಿಲ್ಲುತ್ತಿದ್ದರಂತೆ. ಮುಂದೆ ಬೋರ್‌ವೆಲ್ ಬಂತು, ಬಾವಿಯನ್ನು ಮುಚ್ಚಿದರು, ಆ ಮಣ್ಣಿನ ಅಡಿ ಲಾವಂಚವೂ ಹೋಯಿತು. ಯಾರೂ ಅದನ್ನು ಬೇಕೆಂದು ಮಾಡಿದ್ದಲ್ಲ. ಹುಲ್ಲು ತಾನೇ.

ನಾನು ಮರುದಿನವೇ ನಾರು ಬೇರು ಮಾರುವ ಗ್ರಂದಿಗೆ ಅಂಗಡಿಯಿಂದ ಒಣಗಿದ ಬೇರಿನ ಕಟ್ಟು ತಂದೆ. ಗಿರಿಜ ಅದನ್ನು ಮುರಿದು ನೋಡಿದಳು. ಕಡ್ಡಿ ಮುರಿದ ಹಾಗೆ ಪಟಕ್ಕೆಂದಿತು. ಇದು ಎಷ್ಟು ಕಾಲದಿಂದ ಡಬ್ಬದಲ್ಲಿತ್ತೋ, ಮೂಗು ಇರುವವರಿಗೇ ಇದರ ವಾಸನೆ ಬರಲ್ಲ, ನನಗೇನು ಬಂದೀತು ಎಂದು ಹೇಳಿ, ನನ್ನ ಮನಸ್ಸಿಗೆ ಬೇಸರವಾಗದಿರಲಿ ಎಂದು ಗಡಿಗೆಗೆ ಹಾಕಿದಳು. ಆಗಲೇ ನಾನು ಮನಸ್ಸಿನಲ್ಲಿ ನಿಶ್ಚಯಿಸಿದೆ, ಹಸಿ ಬೇರೇ ಬೇಕು, ನಮ್ಮ ಹಿತ್ತಲಲ್ಲೇ ಬೆಳೆಯಬೇಕು ಎಂದು. ಜೀವಮಾನವಿಡೀ ಆ ಹುಲ್ಲನ್ನು ಹಿಡಿದು ಗಡಿ ಗುರುತಿಸಿದವನು ನಾನು. ಅದರ ಕೆಳಗೆ ಏನಿದೆ ಎಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಅಜ್ಜಂಪುರದಿಂದ ಸ್ವಲ್ಪ ದೂರದ ಒಂದು ಎರೆಹೊಲದ ಬದುವಿನಲ್ಲಿ ಒಳ್ಳೆಯ ಸಾಲು ಇದ್ದದ್ದು ನೆನಪಿತ್ತು. ಓಂಕಾರಪ್ಪ, ರುದ್ರಣ್ಣ ಎಂಬ ಇಬ್ಬರು ದಾಯಾದಿಗಳ ಹೊಲದ ನಡುವಿನದು. ಹಿಂದೆ ನಾನೇ ಅಳೆದುಕೊಟ್ಟಿದ್ದೆ. ಆಷಾಢದಲ್ಲಿ ಒಂದು ದಿನ ಬಸ್ಸು ಹತ್ತಿ ಹೋದೆ. ಓಂಕಾರಪ್ಪ ಈರುಳ್ಳಿ ಮಡಿಯಲ್ಲಿ ಕಳೆ ತೆಗೆಸುತ್ತಿದ್ದ. ನನ್ನನ್ನು ನೋಡಿದವನೇ ಎದ್ದು ನಿಂತ.

‘ಏನ್ ಸಾಮಿ, ರಿಟೈರ್ ಆದ್ಮೇಲೂ ಅಳೀತೀರಾ?’

‘ಅಳೆಯಕ್ಕಲ್ಲ ಕಣಪ್ಪ. ಬದಿನ ಮ್ಯಾಲಿಂದ ಒಂದು ಬುಡ ಲಾವಂಚ ಬೇಕಿತ್ತು.’

‘ಅಳೆಯೋದೇ ಸಲೀಸಿತ್ತು’ ಎಂದ ಅವನು.

ಯಾಕೆಂದು ಆಮೇಲೆ ತಿಳಿಯಿತು. ಹದ್ದಿನ ಬದುವಿಗೆ ಗುದ್ದಲಿ ಹಾಕಬೇಕಾದರೆ ಎರಡೂ ಕಡೆಯವರು ಬಂದು, ತಮ್ಮ ತಮ್ಮ ಹೊಲದಲ್ಲಿ ನಿಂತಿರಬೇಕು. ಒಬ್ಬನೇ ಇದ್ದಾಗ ಹುಲ್ಲು ಕಿತ್ತರೆ ಅದು ಗಡಿ ಅಳಿಸಿದ ಹಾಗೆ. ಆ ಕಡೆ ಇದು ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ನನಗೂ ಗೊತ್ತಿದ್ದದ್ದೇ, ಆಸೆಯಲ್ಲಿ ಮರೆತಿದ್ದೆ. ತೊಂದರೆಯೆಂದರೆ ಓಂಕಾರಪ್ಪನಿಗೂ ರುದ್ರಣ್ಣನಿಗೂ ನಾನು ಅಳತೆ ಮಾಡಿಕೊಟ್ಟ ಕಾಲದಿಂದಲೂ ಮಾತಿರಲಿಲ್ಲ. ನಾನೇ ಹೋಗಿ ರುದ್ರಣ್ಣನನ್ನು ಮನೆಯಿಂದ ಕರೆತಂದೆ. ಇಬ್ಬರೂ ಹುಲ್ಲಿನ ಸಾಲಿನ ಆಚೆ ಒಬ್ಬ ಈಚೆ ಒಬ್ಬ ನಿಂತರು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ನನಗೆ ಹೇಳಿದರು. ‘ಸರ್ವೇರ್ ಸಾಹೇಬ್ರೆ, ಮೂಡ್ಲ ಕಡಿಗೆ ಜಾಸ್ತಿ ಅಗೀಬ್ಯಾಡಿ, ಆಮೇಲೆ ಕೆಲವ್ರು ನಿದ್ದೆಗೆಡ್ತಾರೆ’ ಎಂದು ಈಚೆಯವನು. ‘ಪಡ್ಲ ಕಡಿಗೂ ಅಗೀಬ್ಯಾಡಿ, ಅಲ್ಲಿ ಮೊದ್ಲೇ ಭೂಮಿ ಬೆಳ್ಕಂಡೈತೆ’ ಎಂದು ಆಚೆಯವನು. ನಾನು ಕೈಯಲ್ಲಿ ಗುದ್ದಲಿ ಹಿಡಿದು ಬದುವಿನ ಮೇಲೆ, ಅಂದರೆ ಎರಡಕ್ಕೂ ಸೇರದ ಆ ಒಂದಡಿ ನೆಲದ ಮೇಲೆ, ನಿಂತಿದ್ದೆ.

ಇದೆಲ್ಲ ಏನಕ್ಕೆ ಸಾಮಿ, ಮನೆಯಲ್ಲಿ ಹೋಮ ಗೀಮ ಏನಾದರೂ ಇದೆಯಾ ಎಂದು ರುದ್ರಣ್ಣ ಕೇಳಿದ. ಗಿರಿಜಳ ಮೂಗಿನ ವಿಷಯ ಹೇಳಿದೆ. ಓಂಕಾರಪ್ಪ, ಹಂಗಾದ್ರೆ ಈ ಬಡಕಲು ಬುಡ ಯಾಕೆ, ನಡುವಿನ ದಪ್ಪಂದು ತಗಳ್ಳಿ ಎಂದ. ರುದ್ರಣ್ಣ ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡ. ಬುಡ ಎದ್ದು ಬಂದಾಗ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಸಂದು ಕಾಣಿಸಿತು. ಅದನ್ನು ಹಾಗೇ ಬಿಡುವ ಹಾಗಿಲ್ಲ. ಪಕ್ಕದ ಬುಡವನ್ನು ಸೀಳಿ ಅಲ್ಲಿಗೆ ನೆಟ್ಟರು, ಇಬ್ಬರೂ ಎದುರುಬದುರು ಕುಕ್ಕರುಗಾಲಲ್ಲಿ ಕೂತು. ಕೊನೆಗೆ ಓಂಕಾರಪ್ಪ ತಲೆ ಎತ್ತದೆ, ‘ಮಣ್ಣು ತುಳಿ’ ಎಂದ. ರುದ್ರಣ್ಣ ತುಳಿದ. ಇದು ನನಗೆ ಹೇಳಿದ್ದಲ್ಲ. ಇದನ್ನು ಮಾತು ಎಂದು ಲೆಕ್ಕಕ್ಕೆ ಹಿಡಿಯಬಹುದೋ ಇಲ್ಲವೋ ನನಗೆ ತಿಳಿಯದು. ಆಡಿದ್ದನ್ನು ಆಡಿದ ಹಾಗೆ ಹೇಳಿದ್ದೇನೆ.

ಒದ್ದೆ ಗೋಣಿಯಲ್ಲಿ ಸುತ್ತಿದ ಬುಡವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಗಿರಿಜ ಈ ಕಥೆ ಕೇಳಿ, ಹಾಗಾದರೆ ನಮ್ಮ ಹಿತ್ತಲಲ್ಲೂ ಅದೇ ಪದ್ಧತಿ ಎಂದಳು. ನಮಗೂ ಪಕ್ಕದ ಮನೆಯ ವಿಶಾಲಮ್ಮನವರಿಗೂ ನಡುವಿನ ಗೋಡೆ ಬಹಳ ಹಿಂದೆ ಒಂದು ಮಳೆಗೆ ಕುಸಿದು ಸೊಂಟದೆತ್ತರ ಉಳಿದಿದೆ. ಎರಡು ಮನೆಯ ಸೊಪ್ಪು, ಸುದ್ದಿ, ಬಟ್ಟಲು ಸಾರು ಎಲ್ಲ ಅದರ ಮೇಲೇ ದಾಟುವುದರಿಂದ ಯಾರಿಗೂ ಕಟ್ಟಿಸುವ ಆತುರವಿಲ್ಲ. ವಿಶಾಲಮ್ಮ ದರ್ಜಿ ಕೆಲಸದವರು, ವಿಧವೆ, ಊರಿನ ಅರ್ಧ ಜನರ ಅಳತೆ ಅವರ ಬಾಯಲ್ಲಿದೆ. ಹಾಗಾಗಿ ನನ್ನನ್ನು ಸಹೋದ್ಯೋಗಿಯ ಹಾಗೆ ನೋಡುತ್ತಾರೆ. ಗೋಡೆಯ ಪಕ್ಕದಲ್ಲೇ ಲಾವಂಚ ನೆಡುವುದು, ಇಡುವಾಗಲೂ ಕೀಳುವಾಗಲೂ ವಿಶಾಲಮ್ಮ ಆ ಕಡೆ ನಿಂತಿರಬೇಕು ಎಂದಾಯಿತು. ಒಂದು ಹುಲ್ಲಿಗೆ ಇಷ್ಟೊಂದು ಮರ್ಯಾದೆಯಾ, ನನ್ನ ಮದುವೆಯಲ್ಲೂ ಇಷ್ಟು ಸಾಕ್ಷಿ ಇರಲಿಲ್ಲ ಎಂದು ಅವರು ಬಂದು ನಿಂತರು.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಅದು ತೆಂಗಿನ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಕಡೆಯವರಿಗೆ ಕೆರೆಗೋಡಿನ ಮೇಲಿರುವ ನಂಬಿಕೆ ಔಷಧಿಯ ಮೇಲೂ ಇಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಎತ್ತಿ ತರುವ ಆ ಜಿಗುಟು ಹೂಳನ್ನು ತೆಂಗಿಗೆ, ಅಡಿಕೆಗೆ, ಬಾಳೆಗೆ, ತುಳಸಿಕಟ್ಟೆಗೆ, ಯಾವುದಕ್ಕೂ ಬಿಡದೆ ಸುರಿಯುತ್ತಾರೆ. ಗಿರಿಜಳ ತಮ್ಮ ಸಖರಾಯಪಟ್ಟಣದಿಂದ ಅರ್ಧ ಟ್ರೈಲರು ಕೆರೆಗೋಡು ಕಳಿಸಿದ. ಅಕ್ಕನ ಹುಲ್ಲಿಗೆ ಊರ ಕೆರೆಯ ಮಣ್ಣೇ ಇರಲಿ ಎಂದು. ನಾವು ಆಳವಾದ ಗುಂಡಿ ತೋಡಿ ತುಂಬಿದೆವು. ಹುಲ್ಲು ಬೆಳೆಯಿತು ನೋಡಿ, ತೊಟ್ಟಿಯನ್ನೇ ಮುಚ್ಚಿತು. ನಾನು ಬೆಳಿಗ್ಗೆ ಎದ್ದು ಅದನ್ನು ನೋಡಿ ಹೆಮ್ಮೆಪಡುತ್ತಿದ್ದೆ. ಮರುವರ್ಷ ಬೇಸಿಗೆಗೆ ಮುಂಚೆ, ವಿಶಾಲಮ್ಮನವರ ಸಮಕ್ಷಮ, ಅಗೆಯಲು ಹೋದರೆ ಕೆರೆಗೋಡು ಒಣಗಿ ಇಟ್ಟಿಗೆಯಾಗಿತ್ತು. ಹಾರೆ ಹಾಕಿದರೆ ಹೆಂಟೆ ಏಳುತ್ತಿತ್ತು, ಬೇರು ಅದರೊಳಗೆ ತುಂಡಾಗುತ್ತಿತ್ತು. ಕೊನೆಗೆ ಸಿಕ್ಕಿದ್ದು ಕೂದಲಿನಂಥ ನಾಲ್ಕು ಚೂರು. ಗಿರಿಜ ಅದನ್ನೇ ತೊಳೆದು ಮೂಸಿದಳು.

‘ಏನಾದ್ರೂ ಬಂತಾ?’

‘ತಣ್ಣಗಿದೆ’ ಎಂದಳು. ಒಂದು ಕ್ಷಣ ಬಿಟ್ಟು, ‘ಚೆನ್ನಾಗಿ ತಣ್ಣಗಿದೆ’ ಎಂದಳು.

ಹಿಂದಿನ ಕಾಲದ ಅಮಲ್ದಾರರು ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿ, ಜವಾನನ ಕೈಯಲ್ಲಿ ನೀರು ಚಿಮುಕಿಸಿಕೊಂಡು, ಅದರ ಗಾಳಿಯಲ್ಲಿ ಕೂತು ಕಂದಾಯದ ತಕರಾರು ಕೇಳುತ್ತಿದ್ದರಂತೆ. ಆ ತಟ್ಟಿಗೆ ಎಷ್ಟು ಬೇರು ಬೇಕಾಗಿತ್ತೋ. ಅದರ ಹಿಂದೆ ಎಷ್ಟು ಜನ ಎಷ್ಟು ಆಳ ತೋಡಿದ್ದರೋ. ಆವತ್ತು ಸಂಜೆ ಅಂಗೈಯ ಬೊಕ್ಕೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ನನಗೆ ಮೊದಲ ಬಾರಿ ಆ ತೋಡಿದವರ ಕಡೆಗೆ ಯೋಚನೆ ಹೋಯಿತು.

ಈ ಹುಲ್ಲಿನ ದೊಡ್ಡ ಗುಣವೆಂದರೆ ಬೇರು ತೆಗೆದುಕೊಂಡವನ ಮೇಲೆ ಅದಕ್ಕೆ ಸಿಟ್ಟಿಲ್ಲ. ಗರಿಯನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಬೇರನ್ನು ಕೊಯ್ದುಕೊಂಡು, ನಡುವೆ ಉಳಿದ ಗಂಟನ್ನು ಮತ್ತೆ ನೆಟ್ಟರೆ ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಈ ಸಲ ನೆಲ ಬೇಡವೆಂದು ದೊಡ್ಡ ಗೋಣಿಚೀಲಗಳನ್ನು ಗೋಡೆಯುದ್ದಕ್ಕೂ ನಿಲ್ಲಿಸಿ ಹಳ್ಳದ ಮರಳು, ಕೆಮ್ಮಣ್ಣು ಬೆರೆಸಿ ತುಂಬಿದೆ. ಬೇರು ಬೇಕಾದಾಗ ಚೀಲ ಸೀಳಿ ನೀರು ಹಾಯಿಸಿದರೆ ಸಾಕು. ಗಿರಿಜ ಒಂದು ಕರಾರು ಹಾಕಿದಳು: ಗೊಬ್ಬರ ಬೇಡ, ಹಿಂಡಿ ಬೇಡ, ಏನೂ ಬೇಡ, ಅವ್ವನ ಬುಡಕ್ಕೆ ಬಾವಿ ನೀರು ಬಿಟ್ಟರೆ ಏನೂ ಇರಲಿಲ್ಲ. ನಾನು ಒಪ್ಪಿದೆ. ಆಷಾಢದಲ್ಲಿ ನೆಟ್ಟದ್ದು. ಬೇರು ಬಲಿಯಲು ಒಂದು ವರ್ಷ ಪೂರ್ತಿ ಆಗಿ ಮೇಲೆ ಇನ್ನೊಂದು ಚಳಿಗಾಲ ಬರಬೇಕು. ಈ ಹುಲ್ಲನ್ನು ಬೆಳೆಸುವುದೆಂದರೆ ಏನೂ ಕಾಣದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳುವುದು. ಮೇಲೆ ಅದೇ ಗರಿ, ಅದೇ ಒರಟು. ಕೆಳಗೆ ಏನಾಗುತ್ತಿದೆಯೋ. ಗಿರಿಜ ಸಂಜೆ ಹೊತ್ತು ಚೀಲಗಳ ಪಕ್ಕ ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಒಂದೊಂದು ಸಲ ಕೈ ನಿಲ್ಲಿಸಿ ಚೀಲಕ್ಕೆ ಅಂಗೈ ಒತ್ತಿ ನೋಡುತ್ತಿದ್ದಳು, ಗರ್ಭಿಣಿಯ ಹೊಟ್ಟೆ ಮುಟ್ಟಿ ನೋಡಿದ ಹಾಗೆ.

ಕರಾರನ್ನು ನಾನು ಮುರಿದೆ. ಎರಡನೆಯ ಕಾರ್ತೀಕ ಮುಗಿಯುವ ಹೊತ್ತಿಗೆ ಚೀಲಗಳ ಬುಡಕ್ಕೆ ಗೆದ್ದಲು ಮಣ್ಣಿನ ಗೆರೆ ಎಳೆಯಲು ಶುರುಮಾಡಿತ್ತು. ಇನ್ನೊಂದು ಸಲ ಕಾಯುವ ಧೈರ್ಯ ನನಗಿರಲಿಲ್ಲ. ಗಿರಿಜ ತಮ್ಮನ ಮನೆಗೆ ಹೋಗಿದ್ದ ದಿನ ಬೇವಿನಹಿಂಡಿ ತಂದು, ಪುಡಿಮಾಡಿ, ಪ್ರತಿ ಚೀಲಕ್ಕೂ ಒಂದೊಂದು ಬೊಗಸೆ ಒಳಗೆ ಸೇರಿಸಿ ಮೇಲೆ ಮರಳು ಮುಚ್ಚಿದೆ. ವಾಸನೆಯಲ್ಲಿ ಸಿಕ್ಕಿಬೀಳುವ ಭಯವಿಲ್ಲದೆ ನಾನು ಆ ಮನೆಯಲ್ಲಿ ಮಾಡಿದ ಮೊದಲ ಕಳ್ಳ ಕೆಲಸ ಅದು. ಆ ಧೈರ್ಯ ಬಂದದ್ದಕ್ಕೆ ಒಳಗೇ ಸಂಕಟವೂ ಆಯಿತು.

ಈಗ ಆ ಗುರುವಾರಕ್ಕೆ ಬಂದೆ. ನಾನು ಎಲ್ಲಿ ನಿಂತಿದ್ದೆ ಎಂದು ಮೊದಲೇ ಹೇಳಿದ್ದೇನೆ. ವಿಶಾಲಮ್ಮ ಗೋಡೆಯ ಆಚೆ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ನಿಂತಿದ್ದರು. ನಾನು ಮೊದಲನೆಯ ಚೀಲವನ್ನು ಅಡ್ಡ ಮಲಗಿಸಿ ಕುಡುಗೋಲಿನಿಂದ ಸೀಳಿದೆ. ಗಿರಿಜ ಚೆಂಬಿನಿಂದ ನೀರು ಹುಯ್ದಳು. ಮರಳು ಕರಗಿ ಹರಿಯಿತು, ಬೇರು ಕಾಣಿಸಿತು. ಇಡೀ ಬೇರನ್ನು ನಾನು ಎಂದೂ ನೋಡಿರಲಿಲ್ಲ. ಚೀಲದ ತಳದವರೆಗೂ ಇಳಿದು, ಜಾಗ ಸಾಲದೆ ಸುರುಳಿ ಸುತ್ತಿ, ಹೊಂಬಣ್ಣದ ಜಡೆಯ ಹಾಗಿತ್ತು. ಮೇಲಿನ ಆ ಒರಟು ಹುಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ. ವಿಶಾಲಮ್ಮ ಆಚೆಯಿಂದಲೇ ಉಸಿರೆಳೆದುಕೊಂಡು, ದೇವರ ಮನೆ ಬಾಗಿಲು ತೆಗೆದಂಗಾಯ್ತು ಎಂದರು. ನನಗೆ ಎಂದಿನಂತೆ ಏನೋ ಒಂದು ವಾಸನೆ ಬಂದಂತೆ ಅನ್ನಿಸಿತು. ಗಿರಿಜ ಒಂದು ಹಿಡಿ ಬಿಡಿಸಿಕೊಂಡಳು, ಎರಡೂ ಕೈಯಲ್ಲಿ ಹಿಡಿದಳು, ಮುಖದ ಹತ್ತಿರ ತಂದಳು.

ಕಣ್ಣು ಮುಚ್ಚಿದಳು. ಒಂದು ಸಲ ಉಸಿರೆಳೆದಳು, ಬಿಟ್ಟಳು. ಇನ್ನೊಂದು ಸಲ ಎಳೆದಳು. ಆ ಎರಡನೆಯದನ್ನು ಬಿಡಲಿಲ್ಲ. ಹುಬ್ಬು ಗಂಟಾಯಿತು. ಅವಳ ಮುಖದ ಮೇಲೆ ಬಹಳ ಕಾಲದಿಂದ ನಾನು ಕಾಣದೆ ಇದ್ದ ಒಂದು ಭಾವ ಬಂತು, ಸಂಜೆ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಿದ್ದಾಗಿನ ಭಾವ. ಕಣ್ಣು ತೆರೆದು ನೇರವಾಗಿ ನನ್ನನ್ನೇ ನೋಡಿದಳು.

‘ಬೇವಿನಹಿಂಡಿ ಹಾಕಿದ್ರಾ?’

ನಾನು ಕುಡುಗೋಲನ್ನು ತೊಟ್ಟಿಯ ಅಂಚಿಗೆ ಇಟ್ಟೆ, ಕನ್ನಡಕ ತೆಗೆದೆ.

ಬಂದದ್ದು ಅವ್ವನ ಗಡಿಗೆಯ ವಾಸನೆಯಲ್ಲ. ಎರಡೂವರೆ ಮೂರು ಉಸಿರಿನಷ್ಟು ಹೊತ್ತು ಹಿಂಡಿಯ ಕಮಟು ಬಂತಂತೆ, ಆಮೇಲೆ ಅದೂ ಹೋಯಿತಂತೆ. ಗಿರಿಜ ಮತ್ತೆ ಮತ್ತೆ ಮೂಸಿದಳು. ಲಾವಂಚದ್ದು ಮಾತ್ರ ಬರಲಿಲ್ಲ. ನಾನು ಸಾಕ್ಷಿಯ ವಿಷಯದಲ್ಲಿ ಹಟದವನು. ಹೆಂಡತಿ ಗಂಡನ ಮನಸ್ಸಿಗಾಗಿ ಒಂದು ಒಳ್ಳೆಯ ಸುಳ್ಳು ಹೇಳುವುದುಂಟು. ಆದರೆ ಹಾಗೆ ಹೇಳುವವಳು ಅವ್ವನ ಗಡಿಗೆ ಎನ್ನುತ್ತಾಳೆ, ಬೇವಿನಹಿಂಡಿ ಎನ್ನುವುದಿಲ್ಲ. ಆದರೂ ಮಧ್ಯಾಹ್ನ ಗೋಡೆಯ ಹತ್ತಿರ ಹೋಗಿ, ನೀವೇನಾದರೂ ಅವಳಿಗೆ ಹಿಂಡಿಯ ವಿಷಯ ಹೇಳಿದ್ದಿರಾ ಎಂದು ವಿಶಾಲಮ್ಮನವರನ್ನು ವಿಚಾರಿಸಿದೆ. ‘ನಂಗೇ ಗೊತ್ತಿಲ್ದಿದ್ದು ನಾನ್ ಹೆಂಗ್ ಹೇಳ್ಲಿ ಸರ್ವೆಯರ್ರೇ? ನೀವು ಕದ್ದು ಹಾಕಿದ್ದು ಇವತ್ತು ಗೊತ್ತಾಯ್ತು’ ಎಂದರು. ಹೇಳಿಕೆ ದಾಖಲಾಯಿತು.

ಆಮೇಲಿಂದ ಗಿರಿಜಳಿಗೆ ಅಲ್ಲೊಂದು ಇಲ್ಲೊಂದು ಬರುತ್ತಿದೆ. ಒಂದು ದಿನ ಸೀದ ಹಾಲು. ಒಂದು ದಿನ ವಿಶಾಲಮ್ಮನವರ ಹೊಲಿಗೆಮಿಷಿನ್ನಿನ ಎಣ್ಣೆ. ಒಳ್ಳೆಯವು ಇನ್ನೂ ದಾರಿಯಲ್ಲಿವೆ, ಕೆಟ್ಟವು ಮೊದಲ ಬಸ್ಸಿಗೇ ಬಂದಿವೆ ಎಂದು ಅವಳೇ ನಗುತ್ತಾಳೆ. ಬೇರನ್ನು ತೊಳೆದು, ದಾರ ಸುತ್ತಿ ಗಡಿಗೆಗೆ ಹಾಕಿದ್ದಾಳೆ. ನೀರು ಬಗ್ಗಿಸಿಕೊಂಡಾಗಲೆಲ್ಲ ಒಂದು ಗಳಿಗೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ನಿಲ್ಲುತ್ತಾಳೆ, ಆಮೇಲೆ ಕುಡಿಯುತ್ತಾಳೆ. ನಾನು ಏನೂ ಕೇಳುವುದಿಲ್ಲ. ಬಂದರೆ ಅವಳೇ ಹೇಳುತ್ತಾಳೆ. ಉಳಿದ ಗಂಟುಗಳನ್ನು ಮತ್ತೆ ನೆಟ್ಟಿದ್ದೇವೆ. ಈ ಸಲ ಹಿಂಡಿ ಹಾಕುವ ಹಾಗಿಲ್ಲ. ಹಾಕಿದರೆ ಗೊತ್ತಾಗಿಬಿಡುವ ಭಯ ಹೊಸದಾಗಿ ಬಂದಿದೆ. ಆ ಭಯದಲ್ಲಿ ನಾನು ಸುಖವಾಗಿದ್ದೇನೆ.

ಇನ್ನು ಸಾಕ್ಷಿಗಳ ವಿಷಯ. ಆ ಗುರುವಾರ ನಡೆದದ್ದನ್ನು ನನ್ನ ಹೊರತು ಕಂಡವರು ಇಬ್ಬರು. ವಿಶಾಲಮ್ಮ ಇದ್ದಾರೆ, ಗೋಡೆಯಾಚೆ ಈಗಲೂ ಮಿಷಿನ್ನಿನ ಸದ್ದು ಕೇಳುತ್ತಿದೆ. ಅನುಮಾನವಿದ್ದವರು ಹೋಗಿ ಕೇಳಬಹುದು. ಆದರೆ ಸರ್ವೆಯರು ಅಂದು ಹಿತ್ತಲಲ್ಲಿ ನಿಂತು ಅತ್ತರು ಎಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ; ಅದನ್ನು ಪೂರ್ತಿ ನಂಬಬೇಡಿ. ನಾನು ಗೋಡೆಗೆ ಬೆನ್ನು ಮಾಡಿ ನಿಂತಿದ್ದೆ. ಅವರು ನಿಂತ ಜಾಗದಿಂದ ನನ್ನ ಬೆನ್ನು ಮಾತ್ರ ಕಾಣುತ್ತದೆ.

ಎದುರಿಗೆ ನಿಂತಿದ್ದವಳು ಗಿರಿಜ. ಅವಳೂ ಇದ್ದಾಳೆ. ಅವಳು ಇದುವರೆಗೆ ಯಾರಿಗೂ ಏನೂ ಹೇಳಿಲ್ಲ.